ಬೂಸ್ಟ್ ಮೀಟರ್ ಕಡಿಮೆ ತೋರಿಸುತ್ತಿದ್ದಾಗಲೇ ಟರ್ಬೊ ಒಡೆದದ್ದು ಹೇಗೆ?

ಪ್ರಶ್ನೆ: "ಸರ್, ನಮ್ಮದು ಹೊಸನಗರ ತಾಲೂಕು. ಹತ್ತು ಚಕ್ರದ ಹಳೇ ಲಾರಿ, ಆರು ಸಿಲಿಂಡರ್, ಮೆಕ್ಯಾನಿಕಲ್ ಡೀಸೆಲ್ ಪಂಪ್, ಬಿಎಸ್ 3. ಅಕೇಶಿಯಾ ಮರ, ಜಂಬಿಟ್ಟಿಗೆ, ಸೀಸನ್‌ನಲ್ಲಿ ಅಡಿಕೆ, ಹೀಗೆ ಸಿಕ್ಕ ಲೋಡು ಹೊಡೆಯುತ್ತೇನೆ. ಕುಂದಾಪುರದ ಕಡೆಯಿಂದ ಲೋಡಿನಲ್ಲಿ ಹುಲಿಕಲ್ ಘಾಟಿ ಹತ್ತುವುದು ವಾರಕ್ಕೆ ಮೂರು ನಾಲ್ಕು ಸಲ. ಹದಿನಾಲ್ಕು ತಿಂಗಳಲ್ಲಿ ಎರಡು ಟರ್ಬೊ ಹೋದವು. ಮೊದಲನೆಯದು ಹೋದಾಗ ಮೆಕ್ಯಾನಿಕ್ 'ಆಯಿಲ್ ಸಾಕಾಗಿಲ್ಲ' ಅಂದರು. ಆಮೇಲಿಂದ ಆಯಿಲ್, ಆಯಿಲ್ ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸಿದ್ದೇನೆ. ಘಾಟಿ ಹತ್ತಿದ ಮೇಲೆ ಐದು ನಿಮಿಷ ಐಡಲ್ ಬಿಟ್ಟೇ ಆಫ್ ಮಾಡುತ್ತೇನೆ. ಏರ್ ಫಿಲ್ಟರ್ ವಾರಕ್ಕೊಮ್ಮೆ ಗಾಳಿ ಹೊಡೆದು ಹಾಕುತ್ತೇನೆ. ಆದರೂ ಎರಡನೆಯದು ಘಾಟಿ ಮಧ್ಯದಲ್ಲಿ ಢಬ್ ಅಂತ ಒಡೆಯಿತು. ಬಿಚ್ಚಿದರೆ ಗಾಳಿ ಕಡೆಯ ಫ್ಯಾನು ಮೂರು ತುಂಡು. ಒಡೆಯುವ ಮೊದಲು ಎರಡು ಮೂರು ತಿಂಗಳಿಂದ ಕಪ್ಪು ಹೊಗೆ ಜಾಸ್ತಿ, ಎಳೆತ ಕಡಿಮೆ. ಬೂಸ್ಟ್ ಮೀಟರ್ ಮೊದಲು 1.3 ಬಾರ್ ತೋರಿಸುತ್ತಿದ್ದದ್ದು 1.0ಕ್ಕೆ ಇಳಿದಿತ್ತು. ಎರಡು ವರ್ಷದ ಹಿಂದೆ ಘಾಟಿಯಲ್ಲಿ ಎಳೆಯಲಿ ಅಂತ ಪಂಪ್ ಸ್ವಲ್ಪ ಜಾಸ್ತಿ ಮಾಡಿಸಿದ್ದೂ ನಿಜ. ಶಿವಮೊಗ್ಗದಲ್ಲಿ ಒಬ್ಬರು ಓವರ್‌ಸ್ಪೀಡ್ ಅಂತಾರೆ. ಬೂಸ್ಟೇ ಕಡಿಮೆ ಇದ್ದಾಗ ಓವರ್‌ಸ್ಪೀಡ್ ಹೇಗೆ? ಇನ್ನೊಬ್ಬರು ದೊಡ್ಡ ಟರ್ಬೊ ಹಾಕಿ ಅಂತಾರೆ. ಟರ್ಬೊಗೇ ಆರ್‌ಪಿಎಂ ಮೀಟರ್ ಹಾಕಬಹುದಂತೆ, ಅದು ದುಡ್ಡಿಗೆ ತಕ್ಕದ್ದಾ?"

ಉತ್ತರ:

ನಿಮ್ಮ ಪತ್ರದಲ್ಲೇ ಮುಕ್ಕಾಲು ಉತ್ತರ ಇದೆ. (ಹೊಸ ಓದುಗರಿಗೆ: ಟರ್ಬೊ ಅಂದರೆ ಇಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ; ಆ ಗಾಳಿಯ ಒತ್ತಡವೇ ಬೂಸ್ಟ್.) ಹೊಗೆ ಹೆಚ್ಚಿತು, ಎಳೆತ ತಗ್ಗಿತು, ಬೂಸ್ಟ್ ಇಳಿಯಿತು, ಕೊನೆಗೆ ಫ್ಯಾನು ಚೂರಾಯಿತು. ಇವು ನಾಲ್ಕು ಬೇರೆ ಬೇರೆ ಕಾಯಿಲೆಗಳಲ್ಲ. ನಿಮ್ಮನ್ನು ಕಾಡುತ್ತಿರುವ ಅನುಮಾನ ಇದು: ಬೂಸ್ಟ್ ಇಳಿದಿದೆ ಅಂದರೆ ಟರ್ಬೊ ನಿಧಾನ ತಿರುಗುತ್ತಿದೆ ಅಂತ ತಾನೇ? ಕೈ ಪಳಗಿದ ಮೆಕ್ಯಾನಿಕ್‌ಗಳಲ್ಲೂ ಹಾಗೆ ತಿಳಿದವರು ಬಹಳ. ಆದರೆ ಬೂಸ್ಟ್ ಮೀಟರ್ ತೋರಿಸುವುದು ಇಂಜಿನ್ನಿನ ಬಾಯಿಗೆ ಬಂದು ಮುಟ್ಟಿದ ಗಾಳಿಯ ಒತ್ತಡವನ್ನು. ಅಷ್ಟು ಒತ್ತಡ ಕೊಡಲು ಟರ್ಬೊ ಎಷ್ಟು ಓಡಿತು ಎನ್ನುವುದು ಅದಕ್ಕೆ ತಿಳಿಯದು. ತೂತಾದ ಹಂಡೆಗೆ ಬಾವಿಯಿಂದ ನೀರು ಸೇದಿ ಹಾಕುವವರನ್ನು ನೆನೆಸಿಕೊಳ್ಳಿ. ಹಂಡೆಯಲ್ಲಿ ನೀರು ಕಡಿಮೆ ಇದೆಯೆಂದು ಸೇದುವವರು ಸುಮ್ಮನೆ ಕೂತಿದ್ದಾರೆ ಎನ್ನಲಾದೀತೇ? ರಟ್ಟೆ ಬಿದ್ದುಹೋಗುವಷ್ಟು ಸೇದಿದರೂ ಹಂಡೆ ತುಂಬುತ್ತಿಲ್ಲ, ಅಷ್ಟೆ.

ನಿಮ್ಮ ಟರ್ಬೊಗೆ ಆದದ್ದೂ ಹೆಚ್ಚುಕಡಿಮೆ ಅದೇ. ಟರ್ಬೊದಿಂದ ಇಂಜಿನ್ನಿಗೆ ಹೋಗುವ ದಾರಿಯಲ್ಲಿ ಎಲ್ಲೋ ಗಾಳಿ ಸೋರುತ್ತಿದೆ ಎನ್ನುವುದು ನನ್ನ ಮೊದಲ ಅನುಮಾನ. ಪಂಪ್ ಸೆಟ್ಟಿಂಗ್ ಅದಕ್ಕೆ ಜೊತೆಯಾಗಿದೆ.

ವೇಗದ ಲೆಕ್ಕ

ನಿಮ್ಮ ಇಂಜಿನ್ ಗಾತ್ರದ ಟರ್ಬೊ ಪೂರ್ತಿ ಲೋಡಿನಲ್ಲಿ ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಸಣ್ಣ ಕಾರುಗಳದ್ದು ಎರಡು ಲಕ್ಷವನ್ನೂ ದಾಟುತ್ತದೆ. ನೀವು ಫ್ಯಾನು ಎನ್ನುವ ಕಂಪ್ರೆಸರ್ ವೀಲು 80 ಮಿ.ಮೀ. ಅಗಲದ್ದು, 1,20,000 ಸುತ್ತಿನಲ್ಲಿದೆ ಎಂದುಕೊಳ್ಳಿ. ಅದರ ಅಂಚು ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತಿರುತ್ತದೆ. ಗಾಳಿಯಲ್ಲಿ ಶಬ್ದದ ವೇಗವೇ ಸೆಕೆಂಡಿಗೆ 345 ಮೀಟರ್ ಆಸುಪಾಸು. ಲಾರಿ ಟರ್ಬೊಗಳಲ್ಲಿ ಈ ವೀಲು ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ತಿರುಗುವಾಗ ಅದನ್ನು ಒಳಗಿಂದ ಹೊರಕ್ಕೆ ಸೀಳಿ ಎಳೆಯುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಶೇ. 10 ಏರಿದರೆ ಬಲ ಶೇ. 21 ಏರುತ್ತದೆ, ವೇಗ ಶೇ. 20 ಏರಿದರೆ ಬಲ ಶೇ. 44. ಸ್ವಲ್ಪ ಜಾಸ್ತಿ ಓಡಿದರೆ ಏನಾಗುತ್ತದೆ ಎಂಬ ಉದಾಸೀನಕ್ಕೆ ಇಲ್ಲಿ ಜಾಗವಿಲ್ಲ.

ಮಿತಿ ದಾಟಿದ ಕ್ಷಣವೇ ಒಡೆಯುತ್ತದೆ ಅಂತಲೂ ಅಲ್ಲ. ತಂತಿಯನ್ನು ಅತ್ತಿತ್ತ ಬಾಗಿಸುತ್ತ ಹೋದರೆ ಇಷ್ಟನೇ ಸಲಕ್ಕೆ ತುಂಡಾಗುತ್ತದಲ್ಲ, ಅದೇ ರೀತಿ. ಟರ್ಬೊ ವೇಗ ಏರಿ ಇಳಿದಾಗಲೆಲ್ಲ ವೀಲಿನ ನಡುಭಾಗ ಒಮ್ಮೆ ಹಿಗ್ಗಿ ಕುಗ್ಗುತ್ತದೆ. ಅದರ ಲೆಕ್ಕ ಲೋಹದೊಳಗೆ ಉಳಿಯುತ್ತದೆ. ಬಯಲುಸೀಮೆಯ ಹೈವೇಯಲ್ಲಿ ಒಂದೇ ಗೇರಿನಲ್ಲಿ ಗಂಟೆಗಟ್ಟಲೆ ಹೋಗುವ ಲಾರಿಯ ಟರ್ಬೊ ಇಡೀ ದಿನದಲ್ಲಿ ಕಾಣುವ ಏರಿಳಿತವನ್ನು ನಿಮ್ಮ ಟರ್ಬೊ ಒಂದು ಘಾಟಿಯಲ್ಲಿ ಕಾಣುತ್ತದೆ. ಪ್ರತಿ ಹೇರ್‌ಪಿನ್ ತಿರುವಿಗೆ ಕಾಲು ತೆಗೆಯುತ್ತೀರಿ, ಗೇರ್ ಇಳಿಸುತ್ತೀರಿ, ಮತ್ತೆ ಪೂರ್ತಿ ಒತ್ತುತ್ತೀರಿ. ವೇಗ ಮಿತಿಯೊಳಗೇ ಇದ್ದರೂ ಮಲೆನಾಡಿನ ಗಾಡಿಗಳ ಟರ್ಬೊ ಬೇಗ ಸವೆಯುತ್ತದೆ. ಅದರ ಮೇಲೆ ಪ್ರತಿ ಸಲ ಶೇ. 10 ಜಾಸ್ತಿ ಓಡಿದರೆ ವರ್ಷಗಳ ಆಯಸ್ಸು ತಿಂಗಳಿಗೆ ಇಳಿಯುತ್ತದೆ. ಹೊಸದು ಕೂರಿಸಿದ ಮೇಲೆ ಕೆಲವು ತಿಂಗಳು ಚೆನ್ನಾಗಿ ಓಡಿ ಆಮೇಲೆ ಒಡೆದದ್ದಕ್ಕೆ ಇದೇ ಕಾರಣ.

ಸೋರುವ ಹೋಸ್ ಟರ್ಬೊವನ್ನು ಓಡಿಸುವ ಬಗೆ

ಇದು ಮುಖ್ಯ, ಆದ್ದರಿಂದ ನಿಧಾನವಾಗಿ ನೋಡೋಣ. ಟರ್ಬೊ ತಿರುಗುವುದು ಹೊಗೆಯ ಬಲದಿಂದ: ಹೊಗೆ ಬಿಸಿ ಕಡೆಯ ವೀಲನ್ನು (ಟರ್ಬೈನ್) ತಿರುಗಿಸುತ್ತದೆ, ಅದು ಶಾಫ್ಟಿನ ಇನ್ನೊಂದು ತುದಿಯ ಕಂಪ್ರೆಸರ್ ವೀಲನ್ನು ತಿರುಗಿಸುತ್ತದೆ. ಟರ್ಬೊದ ವೇಗಕ್ಕೆ ಲಗಾಮು ವೇಸ್ಟ್‌ಗೇಟ್ ಎಂಬ ಬಾಗಿಲು. ಬೂಸ್ಟ್ ಗೊತ್ತಾದ ಮಟ್ಟಕ್ಕೆ ಬಂದಾಗ ಅದರ ಒತ್ತಡವೇ ಸಣ್ಣ ಪೈಪಿನ ಮೂಲಕ ಆಕ್ಚುಯೇಟರ್‌ಗೆ ಹೋಗಿ ಸ್ಪ್ರಿಂಗನ್ನು ನೂಕಿ ಬಾಗಿಲು ತೆರೆಯುತ್ತದೆ. ಹೆಚ್ಚಾದ ಹೊಗೆ ಟರ್ಬೈನನ್ನು ಮುಟ್ಟದೆ ಪಕ್ಕದ ದಾರಿಯಿಂದ ಸೈಲೆನ್ಸರಿಗೆ ಹೋಗುತ್ತದೆ. ಈಗ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿಗಾಳಿಯನ್ನು ತಣಿಸುವ ಜಾಲರಿ) ಹೋಸ್ ಬಿರುಕು ಬಿಟ್ಟಿದೆ ಎನ್ನಿ. ಬೂಸ್ಟ್ ಆ ಮಟ್ಟಕ್ಕೆ ಬರುವುದೇ ಇಲ್ಲ. ಹಾಗಾಗಿ ವೇಸ್ಟ್‌ಗೇಟ್ ತೆರೆಯುವುದೂ ಇಲ್ಲ. ಇದ್ದಬದ್ದ ಹೊಗೆಯೆಲ್ಲ ಟರ್ಬೈನ್ ಮೂಲಕವೇ ಹಾಯುತ್ತದೆ. ಲಗಾಮು ಹಿಡಿಯಬೇಕಾದದ್ದು ಕೈಕಟ್ಟಿ ಕೂತಿದೆ.

ಇನ್ನೊಂದು ಕಡೆಯಿಂದಲೂ ಪೆಟ್ಟು ಬೀಳುತ್ತದೆ. ಇಂಜಿನ್ನಿಗೆ ಗಾಳಿ ಕಡಿಮೆಯಾಯಿತು. ಡೀಸೆಲ್ ಮಾತ್ರ ಜಾಸ್ತಿ ಮಾಡಿಸಿದ ಪಂಪಿನಿಂದ ಧಾರಾಳವಾಗಿ ಬರುತ್ತಿದೆ. ಪೂರ್ತಿ ಸುಡದ ಡೀಸೆಲ್ ಕಪ್ಪು ಹೊಗೆಯಾಗುತ್ತದೆ, ಹೊಗೆಯ ಬಿಸಿ ಏರುತ್ತದೆ. ಬಿಸಿ ಹೊಗೆ ಅಂದರೆ ಟರ್ಬೈನಿಗೆ ಇನ್ನಷ್ಟು ನೂಕು. ಎಳೆತ ಕಡಿಮೆಯಾಯಿತೆಂದು ನೀವು ಆಕ್ಸಿಲರೇಟರ್ ಇನ್ನೂ ಹೊತ್ತು ಒತ್ತಿ ಹಿಡಿಯುತ್ತೀರಿ. ಎದುರಿನ ತಡೆ ಸೋರಿಕೆಯಿಂದ ತಗ್ಗಿದ ಕಂಪ್ರೆಸರ್ ಹಿಡಿತ ತಪ್ಪಿದಂತೆ ಓಡುತ್ತದೆ. ಮೀಟರ್ 1.0 ತೋರಿಸುತ್ತಿದೆ, ಶಾಫ್ಟ್ ಮಿತಿ ದಾಟಿ ಓಡುತ್ತಿದೆ. ಎರಡೂ ಒಟ್ಟಿಗೇ ನಿಜ.

ಇದಕ್ಕೆ ಏರ್ ಫಿಲ್ಟರ್ ಮತ್ತು ಎತ್ತರವನ್ನು ಸೇರಿಸಿ. ಟರ್ಬೊದ ವೇಗ ನಿರ್ಧಾರವಾಗುವುದು ಒಳಗೆ ಬರುವ ಒತ್ತಡಕ್ಕೂ ಹೊರಗೆ ಹೋಗುವ ಒತ್ತಡಕ್ಕೂ ಇರುವ ಅನುಪಾತದಿಂದ. ಕುಂದಾಪುರದ ಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. ಚೊಕ್ಕ ಫಿಲ್ಟರ್ 2 ತಿಂದರೆ ಟರ್ಬೊ ಬಾಯಲ್ಲಿ 99. ಮೀಟರ್ 1.3 ಬಾರ್ (130 ಕಿಲೋಪ್ಯಾಸ್ಕಲ್) ತೋರಿಸುವಾಗ, ಹೊರಗಿನ ಗಾಳಿಯ 101 ಸೇರಿ, ಟರ್ಬೊದಿಂದ ಹೊರಗೆ ಹೋಗುವ ಒತ್ತಡ 231. ಅನುಪಾತ 2.33. ಘಾಟಿಯ ಮೇಲೆ, 650 ಮೀಟರ್ ಎತ್ತರದಲ್ಲಿ, ಗಾಳಿಯ ಒತ್ತಡವೇ 94. ಧೂಳು ಕಟ್ಟಿದ ಫಿಲ್ಟರ್ 7 ತಿಂದರೆ ಟರ್ಬೊಗೆ ಉಳಿಯುವುದು 87. ಮೀಟರ್ ಅದೇ 1.3 ತೋರಿಸಿದರೂ ಹೊರಗೆ ಹೋಗುವ ಒತ್ತಡ 224, ಅನುಪಾತ 2.57. ಬೂಸ್ಟ್ ಮುಳ್ಳು ಅಲುಗಿಲ್ಲ, ಆದರೆ ಟರ್ಬೊ ಅಂದಾಜು ಶೇ. 6 ಜಾಸ್ತಿ ಓಡಬೇಕು. ಬಲದ ಲೆಕ್ಕದಲ್ಲಿ ಅದು ಶೇ. 12ಕ್ಕೂ ಮೇಲೆ.

ಏರ್ ಫಿಲ್ಟರಿಗೆ ವಾರಕ್ಕೊಮ್ಮೆ ಗಾಳಿ ಹೊಡೆಯುವ ಅಭ್ಯಾಸ ಬಿಟ್ಟುಬಿಡಿ. ಒಳ್ಳೆಯ ಮನಸ್ಸಿನಿಂದ ಮಾಡುತ್ತೀರಿ, ಆದರೆ ಕಂಪ್ರೆಸರಿನ ಜೋರು ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಆಮೇಲೆ ಕೆಮ್ಮಣ್ಣಿನ ಧೂಳು ನೇರ ವೀಲಿನ ರೆಕ್ಕೆಗೆ ಬಡಿದು ಅಂಚು ಸವೆಸುತ್ತದೆ. ಮಳೆಗಾಲದಲ್ಲಿ ತೊಯ್ದ ಕಾಗದ ಉಬ್ಬಿ ಗಾಳಿ ತಡೆಯುವುದೂ ಉಂಟು. ಫಿಲ್ಟರ್ ಡಬ್ಬಿಯ ಮೇಲೆ ಕೆಂಪು ಪಟ್ಟಿ ಬರುವ ಇಂಡಿಕೇಟರ್ ಇರುತ್ತದೆ. ಭಾರಿ ವಾಹನಗಳಲ್ಲಿ ಅದು ಸಾಮಾನ್ಯವಾಗಿ 5ರಿಂದ 6 ಕಿಲೋಪ್ಯಾಸ್ಕಲ್ ತಡೆಗೆ ಕೆಂಪಾಗುತ್ತದೆ. ಒಡೆದಿದ್ದರೆ ಹೊಸದು ಹಾಕಿ, ಕೆಂಪಾದಾಗ ಫಿಲ್ಟರನ್ನೇ ಬದಲಿಸಿ. ಗಾಳಿ ಎಳೆಯುವ ಮೇಲಿನ ಪೈಪು ಒಡೆದು ಇಂಜಿನ್ ಬಳಿಯ ಬಿಸಿಗಾಳಿಯನ್ನೇ ಕುಡಿಯುತ್ತಿದೆಯೇ ಎಂದೂ ನೋಡಿ. 25 ಡಿಗ್ರಿಯ ಬದಲು 50 ಡಿಗ್ರಿಯ ಗಾಳಿ ಸಿಕ್ಕರೆ ಅದೇ ಕೆಲಸಕ್ಕೆ ಟರ್ಬೊ ಶೇ. 4ರಷ್ಟು ಜಾಸ್ತಿ ತಿರುಗಬೇಕು.

ಒಡೆದ ತುಂಡುಗಳು ಹೇಳುವುದು

ಟರ್ಬೊ ಹೋಯಿತೆಂದ ಕೂಡಲೇ "ಆಯಿಲ್" ಎನ್ನುವುದು ವಾಡಿಕೆ. ಆಯಿಲ್ ಕೊರತೆಯಿಂದ ಹೋಗುವ ಟರ್ಬೊಗಳೇನೂ ಕಡಿಮೆ ಇಲ್ಲ. ಆದರೆ ಅದರ ಗುರುತು ಬೇರೆ. ಆಯಿಲ್ ಸಿಗದೆ ಹೋದರೆ ಶಾಫ್ಟಿನ ಬೇರಿಂಗ್ ಜಾಗ ಸುಟ್ಟು ನೀಲಿ ಕಪ್ಪು ಆಗಿರುತ್ತದೆ, ಬೇರಿಂಗ್ ಲೋಹ ಶಾಫ್ಟಿಗೆ ಮೆತ್ತಿಕೊಂಡಿರುತ್ತದೆ. ಕೊಳಕು ಆಯಿಲ್ ಆದರೆ ಶಾಫ್ಟಿನ ಸುತ್ತ ಗೀರುಗಳು. ನಟ್ಟು, ಕಲ್ಲಿನ ಚೂರು, ಫಿಲ್ಟರಿನ ತಂತಿ ಒಳಗೆ ಹೋಗಿದ್ದರೆ ವೀಲಿನ ಬಾಯಿ ಕಡೆಯ ರೆಕ್ಕೆಗಳ ಅಂಚು ಕಚ್ಚು ಕಚ್ಚಾಗಿರುತ್ತದೆ.

ಓವರ್‌ಸ್ಪೀಡ್‌ನಲ್ಲಿ ಒಡೆದದ್ದರ ಬಿರುಕು ನಡುವಿನ ದಪ್ಪ ಭಾಗದ ಮೂಲಕ ಹಾಯ್ದು ವೀಲು ಎರಡು ಮೂರು ದೊಡ್ಡ ತುಂಡಾಗಿರುತ್ತದೆ, ಇಲ್ಲವೇ ರೆಕ್ಕೆ ಬುಡದಿಂದಲೇ ಕಿತ್ತು ಹೋಗಿರುತ್ತದೆ. ವೀಲಿನ ಬೆನ್ನು ನಯವಾಗಿ ಉಳಿಯದೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಗುಳಿಗುಳಿಯಾಗಿರುತ್ತದೆ. ನಿಮ್ಮ ತುಂಡುಗಳನ್ನು ಗುಜರಿಗೆ ಹಾಕಿರದಿದ್ದರೆ ಬಿಸಿಲಿಗೆ ಓರೆಯಾಗಿ ಹಿಡಿದು ಬೆನ್ನನ್ನು ನೋಡಿ. ಕಿತ್ತಳೆ ಸಿಪ್ಪೆ ಕಂಡರೆ ವಾದಕ್ಕೆ ಅವಕಾಶವಿಲ್ಲ. ಒಂದು ಎಚ್ಚರಿಕೆ: ವೀಲು ಒಡೆದ ಮೇಲೆ ಶಾಫ್ಟ್ ತೂಕ ತಪ್ಪಿ ಬಡಿದಾಡುವುದರಿಂದ ಬೇರಿಂಗೂ ಹಾಳಾಗುತ್ತದೆ. ಬೇರಿಂಗ್ ಹಾಳಾಗಿರುವುದನ್ನು ನೋಡಿ "ಆಯಿಲ್" ಎಂದುಬಿಡುವುದು ಸುಲಭ. ಮೊದಲನೇ ಸಲ ಹಾಗೇ ಆಗಿರಬಹುದು.

ನೀವು ಬಿಡುವ ಐದು ನಿಮಿಷದ ಐಡಲ್ ಬೇರಿಂಗಿನ ಬಳಿ ಆಯಿಲ್ ಸುಟ್ಟು ಕರಕಲಾಗದಂತೆ ಕಾಯುತ್ತದೆ. ಎರಡು ಮೂರು ನಿಮಿಷ ಸಾಕು, ಮುಂದುವರಿಸಿ. ವೀಲು ಒಡೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೂರನೇ ಟರ್ಬೊ ಕೊಳ್ಳುವ ಮೊದಲು

ಸೋರಿಕೆ ಹುಡುಕಿ. ಟರ್ಬೊ ಬಾಯಿಗೆ ಕೂರುವ ಅಳತೆಯ ಮುಚ್ಚಳ ಮಾಡಿಸಿ, ಅದಕ್ಕೊಂದು ಟ್ಯೂಬ್ ವಾಲ್ವ್ ಹಾಕಿಸಿ. ಇಂಜಿನ್ ಆಫ್ ಇರುವಾಗ ರೆಗ್ಯುಲೇಟರ್ ಮೂಲಕ ನಿಧಾನ ಗಾಳಿ ಬಿಟ್ಟು 1 ಬಾರ್ ತನಕ ತನ್ನಿ, ಅದಕ್ಕಿಂತ ಮೇಲೆ ಬೇಡ. ಮುಚ್ಚಳಕ್ಕೆ ಕ್ಲಾಂಪ್ ಹಾಕಿ ಸರಪಳಿಯಿಂದಲೂ ಕಟ್ಟಿರಬೇಕು, ಎದುರಿಗೆ ಯಾರೂ ನಿಲ್ಲಬಾರದು. ಹಾರಿದರೆ ಮುಖ ಉಳಿಯುವುದಿಲ್ಲ. ಈಗ ಸೋಪಿನ ನೀರು ಚಿಮುಕಿಸುತ್ತ ಹೋಗಿ: ಪ್ರತಿ ಹೋಸಿನ ತುದಿ, ಹೋಸಿನ ಕೆಳಮೈ, ಇಂಟರ್‌ಕೂಲರಿನ ನಾಲ್ಕು ಮೂಲೆ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಬೂಸ್ಟ್ ಮೀಟರಿಗೆ ಹೋಗುವ ಸಣ್ಣ ಪೈಪು. ಹೋಸ್ ಮೇಲಿಂದ ಹೊಸದರಂತೆ ಕಾಣುತ್ತದೆ. ಆಯಿಲ್ ಕುಡಿದ ರಬ್ಬರ್ ಒಳಗಿನಿಂದ ಪದರ ಬಿಟ್ಟು, ಒತ್ತಡ ಬಿದ್ದಾಗ ಮಾತ್ರ ಬಾಯಿ ತೆರೆಯುತ್ತದೆ. ಕೈಯಿಂದ ಹಿಚುಕಿ ನೋಡುವುದರಿಂದ ಅದು ಸಿಗುವುದಿಲ್ಲ. ಯಾವುದೋ ಸಿಲಿಂಡರಿನ ವಾಲ್ವ್ ತೆರೆದಿದ್ದರೆ ಗಾಳಿ ಸೈಲೆನ್ಸರಿನಲ್ಲೋ ಬ್ರೀದರಿನಲ್ಲೋ (ಇಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪು) ಬರುತ್ತದೆ. ಅದನ್ನು ಸೋರಿಕೆ ಎಂದುಕೊಳ್ಳಬೇಡಿ, ಫ್ಲೈವೀಲ್ ಸ್ವಲ್ಪ ತಿರುಗಿಸಿ ಮತ್ತೆ ನೋಡಿ.

ಇಂಟರ್‌ಕೂಲರನ್ನು ಬಿಚ್ಚಿ ಬೇರೆಯಾಗಿಯೇ ಪರೀಕ್ಷಿಸಿ. ಒಡೆದ ವೀಲಿನ ಅಲ್ಯೂಮಿನಿಯಂ ಚೂರು ಅದರೊಳಗೆ ಸಿಕ್ಕಿಕೊಂಡಿರುವುದರಿಂದ ಹೇಗೂ ಬಿಚ್ಚಲೇಬೇಕು. ಹಾಗೇ ಬಿಟ್ಟರೆ ಆ ಚೂರು ಎಂದಾದರೂ ಒಂದು ದಿನ ಸಿಲಿಂಡರಿಗೆ ಹೋಗಿ ಪಿಸ್ಟನ್ ಗೀರುತ್ತದೆ, ಅಲ್ಲಿಂದ ಹೊರಬಿದ್ದು ಹೊಸ ಟರ್ಬೊದ ಬಿಸಿ ಕಡೆಯ ವೀಲಿಗೂ ಬಡಿಯುತ್ತದೆ. ಹಲವು ಭಾರಿ ಇಂಜಿನ್‌ಗಳ ಮ್ಯಾನುಯಲ್ ಲೆಕ್ಕ ಹೀಗೆ: ಇಂಟರ್‌ಕೂಲರಿಗೆ 2 ಬಾರ್ ತುಂಬಿ ಗಾಳಿ ನಿಲ್ಲಿಸಿದರೆ 15 ಸೆಕೆಂಡಿನಲ್ಲಿ ಅರ್ಧ ಬಾರ್‌ಗಿಂತ ಹೆಚ್ಚು ಇಳಿಯಬಾರದು. ನಿಮ್ಮ ಇಂಜಿನ್ನಿನ ಮ್ಯಾನುಯಲ್ ಬೇರೆ ಅಂಕಿ ಹೇಳಿದರೆ ಅದನ್ನೇ ಹಿಡಿಯಿರಿ. ಒಳಗಿನ ಚೂರು ಪೂರ್ತಿ ಬಂತೆಂಬ ಧೈರ್ಯ ಬರದಿದ್ದರೆ ಇಂಟರ್‌ಕೂಲರನ್ನೇ ಬದಲಿಸುವುದು ಕ್ಷೇಮ.

ಆಮೇಲೆ ವೇಸ್ಟ್‌ಗೇಟ್. ಆಕ್ಚುಯೇಟರಿಗೆ ಗೇಜ್ ಇರುವ ಪಂಪಿನಿಂದ ಗಾಳಿ ಕೊಟ್ಟು ರಾಡು ಯಾವ ಒತ್ತಡಕ್ಕೆ ಅಲುಗುತ್ತದೆ ನೋಡಿ, ಟರ್ಬೊ ಪಾರ್ಟ್ ನಂಬರಿನ ವಿವರದ ಜೊತೆ ಹೋಲಿಸಿ. ಎಳೆತಕ್ಕಾಗಿ ರಾಡಿನ ನಟ್ಟು ತಿರುಗಿಸಿ ಗಿಡ್ಡ ಮಾಡುವವರಿದ್ದಾರೆ. ಹಾಗೆ ಮಾಡಿದ್ದರೆ ಬಾಗಿಲು ತಡವಾಗಿ ತೆರೆಯುತ್ತದೆ. ಆಕ್ಚುಯೇಟರಿಗೆ ಹೋಗುವ ಬೆರಳು ಗಾತ್ರದ ಹೋಸು ಕಿತ್ತಿದ್ದರೂ, ಒಳಗೆ ತುಕ್ಕು ಹಿಡಿದು ಬಾಗಿಲು ಕಚ್ಚಿಕೊಂಡಿದ್ದರೂ ಅದೇ ಕಥೆ. ಮಳೆಗಾಲದಲ್ಲಿ ಎರಡು ಮೂರು ತಿಂಗಳು ನಿಂತ ಗಾಡಿಗಳಲ್ಲಿ ಈ ತುಕ್ಕು ಹೆಚ್ಚು.

ಪಂಪನ್ನು ಟೆಸ್ಟ್ ಬೆಂಚಿಗೆ ಹಾಕಿಸಿ ಇಂಜಿನ್ನಿನ ಸೆಟ್ಟಿಂಗಿಗೆ ವಾಪಸ್ ತನ್ನಿ. ಎಳೆತ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಈಗ ನಿಮಗೆ ಸಿಗದಿರುವ ಎಳೆತದಲ್ಲಿ ಬಹುಪಾಲು ಸೋರಿಕೆಯಿಂದ ಹೋದದ್ದು. ಅದು ಮುಚ್ಚಿದ ಮೇಲೆ ಮೂಲ ಸೆಟ್ಟಿಂಗಿನಲ್ಲೂ ಗಾಡಿ ನೀವು ಹೆದರಿದಷ್ಟು ಮಂಕಾಗದು.

ಶಾಫ್ಟ್ ವೇಗದ ಮೀಟರ್: ಏನು, ಹೇಗೆ, ಯಾರಿಗೆ

ಈಗ ನಿಮ್ಮ ಕೊನೆಯ ಪ್ರಶ್ನೆ. ಟರ್ಬೊಗೆ ಆರ್‌ಪಿಎಂ ಮೀಟರ್ ಹಾಕಬಹುದು, ಅದು ಹೊಸ ಸಂಗತಿಯೇನೂ ಅಲ್ಲ. ಎರಡು ಬಗೆ ಇವೆ. ಒಂದು ಬಗೆಯದು ನಡುವಿನ ಬೇರಿಂಗ್ ಹೌಸಿಂಗಿನಲ್ಲಿ ಕೂತು ಶಾಫ್ಟಿನಲ್ಲಿ ಮಾಡಿರುವ ಚಪ್ಪಟೆ ಗುರುತು ಹಾದುಹೋಗುವುದನ್ನು ಎಣಿಸುತ್ತದೆ. ಇದು ಕಂಪನಿಯಿಂದಲೇ ಬರಬೇಕು. ಇನ್ನೊಂದು ಕಂಪ್ರೆಸರ್ ಹೌಸಿಂಗಿನ ತೂತಿನಲ್ಲಿ ಕೂತು ಅಲ್ಯೂಮಿನಿಯಂ ರೆಕ್ಕೆಗಳು ಹಾದುಹೋಗುವುದನ್ನು ಎಡಿ ಕರೆಂಟ್ ವಿಧಾನದಲ್ಲಿ, ಅಂದರೆ ಮುಟ್ಟದೆಯೇ ಲೋಹವನ್ನು ಗುರುತಿಸಿ, ಎಣಿಸುತ್ತದೆ. ಹೊರಗಿನಿಂದ ಕೂರಿಸಲು ಸಾಧ್ಯವಾಗುವುದು ಇದೇ. ಕೆಲವು ಟರ್ಬೊಗಳ ಹೌಸಿಂಗಿನಲ್ಲಿ ಇದಕ್ಕೆಂದೇ ಜಾಗ ಬಿಟ್ಟಿರುತ್ತಾರೆ.

ಜಾಗ ಇಲ್ಲದಿದ್ದರೆ ಕೊರೆಯಬೇಕು, ಅದು ರಸ್ತೆ ಬದಿಯ ಕೈಡ್ರಿಲ್ಲಿನ ಕೆಲಸವಲ್ಲ. ಹೌಸಿಂಗನ್ನು ಟರ್ಬೊದಿಂದ ಬಿಚ್ಚಿ, ಶಿವಮೊಗ್ಗದ ಒಳ್ಳೆಯ ಮಷಿನ್ ಶಾಪಿನಲ್ಲಿ ಹಿಡಿಸಿ, ರೆಕ್ಕೆಯ ಅಂಚಿಗೆ ನೇರವಾಗಿ ತೂತು ಬರುವಂತೆ ಕೊರೆಸಬೇಕು. ಕೊರೆದಾಗ ಒಳಗೆ ಏಳುವ ಚೂಪು ಅಂಚು (ಬರ್) ತೆಗೆದು, ಚೂರೊಂದೂ ಉಳಿಯದಂತೆ ತೊಳೆಯಬೇಕು. ಸೆನ್ಸರಿನ ತುದಿ ಹೌಸಿಂಗಿನ ಒಳಮೈಯಿಂದ ಕೂದಲೆಳೆಯಷ್ಟೂ ಹೊರಚಾಚಬಾರದು, ಚಾಚಿದರೆ ರೆಕ್ಕೆ ತಾಗುತ್ತದೆ. ತೀರ ಹಿಂದೆ ಸರಿದರೆ ಓದುವುದಿಲ್ಲ. ಎಷ್ಟು ಅಂತರ ಎಂಬುದನ್ನು ಕಿಟ್ಟಿನ ಜೊತೆ ಬರುವ ಹಾಳೆ ಹೇಳುತ್ತದೆ, ಅದನ್ನೇ ಪಾಲಿಸಿ.

ಮೀಟರಿಗೆ ರೆಕ್ಕೆಗಳ ಸಂಖ್ಯೆ ಹೇಳಿಕೊಡಬೇಕು. ತಪ್ಪುವುದು ಹೆಚ್ಚಾಗಿ ಇಲ್ಲೇ. ಬಹಳಷ್ಟು ವೀಲುಗಳಲ್ಲಿ ಆರು ಉದ್ದ ರೆಕ್ಕೆ, ಅವುಗಳ ನಡುವೆ ಆರು ಗಿಡ್ಡ ರೆಕ್ಕೆ ಇರುತ್ತವೆ. ಸೆನ್ಸರ್ ಬಾಯಿ ಕಡೆ ಇದ್ದರೆ ಅದಕ್ಕೆ ಕಾಣುವುದು ಆರು ಮಾತ್ರ, ಹೊರ ಅಂಚಿನ ಕಡೆ ಇದ್ದರೆ ಹನ್ನೆರಡು. 1,20,000 ಸುತ್ತು ಅಂದರೆ ಸೆಕೆಂಡಿಗೆ 2,000 ಸುತ್ತು. ಆರು ರೆಕ್ಕೆಗೆ 12,000 ಮಿಡಿತ, ಹನ್ನೆರಡಕ್ಕೆ 24,000. ಸಂಖ್ಯೆ ತಪ್ಪಿದರೆ ಮೀಟರ್ ಅರ್ಧ ಅಥವಾ ಎರಡರಷ್ಟು ತೋರಿಸುತ್ತದೆ. ಅರ್ಧ ತೋರಿಸಿದರೆ ಎಲ್ಲ ಸರಿಯಿದೆ ಎಂಬ ಸುಳ್ಳು ಧೈರ್ಯ ಬರುತ್ತದೆ, ಅದು ಮೀಟರ್ ಇಲ್ಲದ್ದಕ್ಕಿಂತ ಕೆಟ್ಟದು. ಕೆಲವು ಸೆನ್ಸರ್‌ಗಳು ಮಿಡಿತವನ್ನು ಒಳಗೇ 8ರಿಂದ ಭಾಗಿಸಿ ಕಳಿಸುತ್ತವೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎಚ್ಚರಿಕೆಯ ದೀಪಕ್ಕೆ ಅಂಕಿ ಎಲ್ಲಿಂದ? ನಿಮ್ಮ ಟರ್ಬೊ ತಗಡಿನ ಮೇಲಿರುವ ಪಾರ್ಟ್ ನಂಬರ್ ಹಿಡಿದು ತಯಾರಕರ ಗರಿಷ್ಠ ವೇಗ ತಿಳಿದುಕೊಳ್ಳಿ, ಅದರ ಶೇ. 95ಕ್ಕೆ ದೀಪ ಇಡಿ. ಬೇರೆ ಲಾರಿಯವರು ಹೇಳಿದ ಅಂಕಿ ಬೇಡ. ವೀಲಿನ ಅಗಲ ಕೆಲವೇ ಮಿ.ಮೀ. ಬದಲಾದರೂ ಮಿತಿ ಬದಲಾಗುತ್ತದೆ.

ಅಂಕಿಯನ್ನು ಒಂಟಿಯಾಗಿ ಓದಿದರೆ ಪ್ರಯೋಜನ ಅರ್ಧ. ಬೂಸ್ಟ್ ಜೊತೆಗಿಟ್ಟು ಓದಿದರೆ ಅದು ನಾಡಿ ಹಿಡಿದಂತೆ. ಎಲ್ಲ ಸರಿಮಾಡಿಸಿದ ಮೇಲೆ ಮೊದಲ ಲೋಡಿನಲ್ಲಿ ಘಾಟಿಯ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ಅಲ್ಲಿ ಇದೇ ಗೇರು, ಇದೇ ಇಂಜಿನ್ ಆರ್‌ಪಿಎಂ, ಕಾಲು ಪೂರ್ತಿ ಒತ್ತಿದಾಗ ಬೂಸ್ಟ್ ಎಷ್ಟು, ಶಾಫ್ಟ್ ಎಷ್ಟು ಎಂದು ಕ್ಲೀನರ್ ಹುಡುಗನಿಂದ ಬರೆಸಿಡಿ. ಮುಂದೆ ಅದೇ ಜಾಗದಲ್ಲಿ ಬೂಸ್ಟ್ ಇಳಿದು ಶಾಫ್ಟ್ ಏರಿದ್ದರೆ ಟರ್ಬೊ ನಂತರ ಎಲ್ಲೋ ಸೋರಿಕೆ. ಬೂಸ್ಟ್ ಅಷ್ಟೇ ಇದ್ದು ಶಾಫ್ಟ್ ಏರಿದ್ದರೆ ಫಿಲ್ಟರ್ ಕಟ್ಟಿದೆ ಅಥವಾ ಬಿಸಿಗಾಳಿ ಕುಡಿಯುತ್ತಿದೆ. ಎರಡೂ ಏರಿದ್ದರೆ ವೇಸ್ಟ್‌ಗೇಟ್ ಕಚ್ಚಿದೆ, ಇಲ್ಲವೇ ಡೀಸೆಲ್ ಜಾಸ್ತಿ ಬೀಳುತ್ತಿದೆ. ಎರಡೂ ಇಳಿದಿದ್ದರೆ ಹೊಗೆ ಟರ್ಬೈನ್ ಮುಟ್ಟುವ ಮೊದಲೇ ಮ್ಯಾನಿಫೋಲ್ಡಿನಲ್ಲಿ ಸೋರುತ್ತಿದೆ, ವೇಸ್ಟ್‌ಗೇಟ್ ತೆರೆದೇ ಉಳಿದಿದೆ, ಡೀಸೆಲ್ ಫಿಲ್ಟರ್ ಕಟ್ಟಿದೆ ಅಥವಾ ಶಾಫ್ಟೇ ಬಿಗಿಯಾಗುತ್ತಿದೆ. ಬರೀ ಬೂಸ್ಟ್ ಮೀಟರ್ ಇದ್ದವರಿಗೆ ಮೊದಲನೆಯದೂ ಕೊನೆಯದೂ ಒಂದೇ ಥರ ಕಾಣುತ್ತವೆ. ಒಂದರಲ್ಲಿ ಟರ್ಬೊ ಸಾವಿನ ಅಂಚಿನಲ್ಲಿ ಓಡುತ್ತಿದೆ, ಇನ್ನೊಂದರಲ್ಲಿ ಓವರ್‌ಸ್ಪೀಡಿನ ಭಯವೇ ಇಲ್ಲ. ಶಾಫ್ಟ್ ಮೀಟರಿನ ಬೆಲೆ ಇರುವುದು ಇಲ್ಲಿ.

ಅದಕ್ಕೆ ಮಿತಿಯೂ ಇದೆ. ನಿಮ್ಮ ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ಮೀಟರ್ ಹೇಳುತ್ತದೆ, ತಡೆಯುವುದಿಲ್ಲ. ದೀಪ ಹೊತ್ತಿದಾಗ ಕಾಲು ಸಡಿಲಿಸಬೇಕಾದವರು ನೀವೇ. ಬೇರೆ ಡ್ರೈವರ್ ಕೈಗೆ ಗಾಡಿ ಕೊಡುವವರಾದರೆ ಇದನ್ನು ಯೋಚಿಸಿ. 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿ ಇರುವ ಓದುಗರಿಗೂ ಒಂದು ಮಾತು: ಕೆಲವು ಇಂಜಿನ್‌ಗಳಲ್ಲಿ ಶಾಫ್ಟ್ ವೇಗದ ಸೆನ್ಸರ್ ಕಂಪನಿಯಿಂದಲೇ ಇರುತ್ತದೆ, ಸ್ಕ್ಯಾನರ್ ಹಾಕಿದರೆ ಅಂಕಿ ಕಾಣುತ್ತದೆ, ಇಸಿಯು (ಇಂಜಿನ್ನಿನ ಕಂಪ್ಯೂಟರ್) ತಾನೇ ಡೀಸೆಲ್ ತಗ್ಗಿಸುತ್ತದೆ. ಸೆನ್ಸರ್ ಇಲ್ಲದೆ, ಹೊರಳಿ ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ರೆಕ್ಕೆಗಳು ಒಳಗಿರುವ ಟರ್ಬೊ ಇದ್ದಲ್ಲಿ ಅಪಾಯ ಬೇರೆ ಬಗೆ. ಬೂಸ್ಟ್ ಸಾಲದೆಂದು ಕಂಡರೆ ಇಸಿಯು ರೆಕ್ಕೆಗಳನ್ನು ಇನ್ನೂ ಮುಚ್ಚಿ ಟರ್ಬೊವನ್ನು ಮತ್ತಷ್ಟು ಓಡಿಸಲು ನೋಡುತ್ತದೆ. ಅಂಥ ಗಾಡಿಯಲ್ಲಿ "ಬೂಸ್ಟ್ ಕಡಿಮೆ" ಕೋಡ್ ಬಂದರೆ ಅಳಿಸಿ ಓಡಿಸಬೇಡಿ, ಹೋಸ್ ನೋಡಿ.

ಒಂದೇ ಲಾರಿ ಇರುವ ನಿಮಗೆ ನನ್ನ ಸಲಹೆ: ಹಣ ಮೊದಲು ಹೋಸ್, ಕ್ಲಾಂಪ್, ಇಂಟರ್‌ಕೂಲರ್, ಪಂಪಿಗೆ ಹೋಗಲಿ. ಮೀಟರ್ ಆಮೇಲೆ. ನಾಲ್ಕೈದು ಗಾಡಿ ಇರುವವರು ಒಂದು ಸೆಟ್ ಇಟ್ಟುಕೊಂಡು, ಗಾಡಿಗೊಂದು ಕೊರೆದ ಹೌಸಿಂಗ್ ಮಾಡಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ. ತೂತಿಗೆ ಬೋಲ್ಟ್ ಪ್ಲಗ್ ಹಾಕಿಟ್ಟು ಬೇಕಾದಾಗ ಸೆನ್ಸರ್ ಕೂರಿಸಬಹುದು.

ಏನೂ ಖರ್ಚಿಲ್ಲದ ಅಂದಾಜು ವಿಧಾನ ಒಂದಿದೆ. ಟರ್ಬೊದ ಸಿಳ್ಳೆ ಬಹಳ ಸಲ ಶಾಫ್ಟ್ ಸುತ್ತುವ ಲಯದಲ್ಲೇ ಇರುತ್ತದೆ. ಫೋನಿನಲ್ಲಿ ಧ್ವನಿಯ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಾಕಿ, ಲೋಡಿನಲ್ಲಿ ಹತ್ತುವಾಗ ಕ್ಲೀನರ್ ಕೈಯಲ್ಲಿ ಹಿಡಿಸಿ. ಕಾಲು ಒತ್ತಿದಂತೆ ಏರುವ, ಇಂಜಿನ್ ಆರ್‌ಪಿಎಂಗೆ ಅಂಟಿಕೊಳ್ಳದ ಗೆರೆಯೊಂದು ಕಾಣಬಹುದು. ಅದು 2,000 ಹರ್ಟ್ಸ್‌ನಲ್ಲಿದ್ದರೆ ಶಾಫ್ಟ್ 1,20,000ದಲ್ಲಿದೆ, 2,300 ಮುಟ್ಟಿದರೆ 1,38,000. ಗೇರಿನ ಸದ್ದು, ಫ್ಯಾನಿನ ಸದ್ದು ಬೆರೆಯುವುದರಿಂದ ಇದನ್ನು ನಂಬಿ ಮಿತಿ ನಿರ್ಧರಿಸಬಾರದು. ಸಿಳ್ಳೆ ಹಿಂದಿಗಿಂತ ಕೀರಲಾಗಿದೆಯೇ ಎಂದು ತಿಳಿಯಲು ಸಾಕು. ಹೋಸ್ ಸೋರುವ ಗಾಡಿಯಲ್ಲಿ ಸಿಳ್ಳೆ ಜೋರಾದಾಗ "ಟರ್ಬೊ ಭರ್ಜರಿ ಇದೆ" ಎಂದು ಖುಷಿಪಡುವವರಿದ್ದಾರೆ. ಬೂಸ್ಟ್ ಏರದೆ ಸಿಳ್ಳೆ ಮಾತ್ರ ಕೀರಲಾದರೆ ಖುಷಿಪಡಬೇಡಿ.

ದೊಡ್ಡ ಟರ್ಬೊ ಬೇಡ. ಅದು ನಿಧಾನ ತಿರುಗುತ್ತದೆ ಎನ್ನುವುದು ಸರಿ. ಆದರೆ ಹೇರ್‌ಪಿನ್ ತಿರುವಿನಿಂದ ಎದ್ದು ಬರುವಾಗ, ಇಂಜಿನ್ ಕಡಿಮೆ ಆರ್‌ಪಿಎಂನಲ್ಲಿದ್ದಾಗ, ಅದು ಎಚ್ಚರಗೊಳ್ಳಲು ತಡಮಾಡುತ್ತದೆ. ಅಷ್ಟು ಹೊತ್ತು ಇಂಜಿನ್ ಗಾಳಿಯಿಲ್ಲದೆ ಡೀಸೆಲ್ ಸುಡುತ್ತದೆ. ಹೊಗೆ, ಬಿಸಿ, ಪಿಸ್ಟನ್ನಿಗೆ ಏಟು. ಸೋರಿಕೆ ಹಾಗೇ ಉಳಿದಿರುತ್ತದೆ, ಗುರುತು ಮಾತ್ರ ಮುಚ್ಚಿಹೋಗುತ್ತದೆ. ಕಡಿಮೆ ಬೆಲೆಗೆ ಸಿಗುವ ಹೆಸರಿಲ್ಲದ ಕಾರ್ಟ್ರಿಡ್ಜ್ (ಶಾಫ್ಟ್, ವೀಲು, ಬೇರಿಂಗ್ ಸೇರಿದ ಟರ್ಬೊದ ನಡುಭಾಗ) ಕೂಡ ಘಾಟಿ ಗಾಡಿಗೆ ತಕ್ಕದ್ದಲ್ಲ. ವೀಲಿನ ಎರಕದಲ್ಲಿ ಒಂದು ಸಣ್ಣ ಗುಳ್ಳೆ ಇದ್ದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ರಿಪೇರಿ ಮಾಡಿಸಿದ ಟರ್ಬೊ ತರುವುದಾದರೆ ಬ್ಯಾಲೆನ್ಸಿಂಗ್ ಯಂತ್ರದಿಂದ ಬಂದ ಪ್ರಿಂಟ್ ಕೇಳಿ ಪಡೆಯಿರಿ.

ನಿಮ್ಮ ಜೀವದ ವಿಷಯವೊಂದು ಹೇಳಲೇಬೇಕು. ವೀಲು ಒಡೆದು ಶಾಫ್ಟ್ ಸೀಲು ಕಿತ್ತುಹೋದರೆ ಇಂಜಿನ್ ಆಯಿಲ್ ಗಾಳಿಯ ದಾರಿಗೆ ಸೇರಿ, ಡೀಸೆಲ್ ನಿಲ್ಲಿಸಿದರೂ ಇಂಜಿನ್ ಆ ಆಯಿಲನ್ನೇ ಉರಿಸಿಕೊಂಡು ಹುಚ್ಚು ವೇಗದಲ್ಲಿ ಓಡಬಹುದು. ಆಗ ಕೀಲಿ ತಿರುಗಿಸಿ ಪ್ರಯೋಜನವಿಲ್ಲ. ಗಾಡಿ ನಿಲ್ಲಿಸಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರ್ ಹಾಕಿ ಕ್ಲಚ್ ಬಿಟ್ಟು ಇಂಜಿನ್ ಉಸಿರುಗಟ್ಟಿಸಿ. ಆಗದಿದ್ದರೆ ಗಾಳಿಯ ಬಾಯಿಯನ್ನು ದಪ್ಪ ಹಲಗೆಯಿಂದ ಮುಚ್ಚಬಹುದು, ಕೈಯಿಂದಲೋ ಬಟ್ಟೆಯಿಂದಲೋ ಬೇಡ. ಆಯಿಲ್ ಬಿಸಿ ಮ್ಯಾನಿಫೋಲ್ಡಿನ ಮೇಲೆ ಬಿದ್ದರೆ ಬೆಂಕಿಯೂ ಏಳುತ್ತದೆ, ಕ್ಯಾಬಿನ್ನಿನಲ್ಲಿ ಅಗ್ನಿಶಾಮಕ ಸಿಲಿಂಡರ್ ಇರಲಿ.

ಹೊಸ ಟರ್ಬೊ ಕೂರಿಸುವ ದಿನ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿ, ಟರ್ಬೊಗೆ ಆಯಿಲ್ ತರುವ ಪೈಪನ್ನು ಹೊಸದಾಗಿ ಹಾಕಿ. ಆಯಿಲ್ ವಾಪಸ್ ಹೋಗುವ ಪೈಪಿನಲ್ಲಿ ಮಡಿಕೆ ಬೀಳದಂತೆ ನೋಡಿ. ಟರ್ಬೊದ ಆಯಿಲ್ ಬಾಯಿಗೆ ಶುದ್ಧ ಆಯಿಲ್ ಹಾಕಿ ಶಾಫ್ಟನ್ನು ಬೆರಳಲ್ಲಿ ನಾಲ್ಕು ಸುತ್ತು ತಿರುಗಿಸಿ. ಡೀಸೆಲ್ ನಿಲ್ಲಿಸಿ ಆಯಿಲ್ ಪ್ರೆಷರ್ ಬರುವ ತನಕ ಸೆಲ್ಫ್ ಹೊಡೆಯಿರಿ, ಒಂದೇ ಬಾರಿಗೆ ಅಲ್ಲ, ಹತ್ತು ಹದಿನೈದು ಸೆಕೆಂಡಿನ ಕಂತಿನಲ್ಲಿ. ಸ್ಟಾರ್ಟ್ ಆದ ಮೇಲೆ ಮೂರ್ನಾಲ್ಕು ನಿಮಿಷ ಐಡಲ್. ಹೋಸ್ ಕ್ಲಾಂಪ್‌ಗಳನ್ನು ಮೊದಲ ಘಾಟಿ ಹತ್ತಿ ಬಂದ ಮೇಲೆ ತಣ್ಣಗಾದಾಗ ಇನ್ನೊಮ್ಮೆ ಬಿಗಿ ಮಾಡಿ, ಹೊಸ ರಬ್ಬರ್ ಮೊದಲ ಬಿಸಿಗೆ ಕೂರುತ್ತದೆ. ಸೆನ್ಸರ್ ಹಾಕಿಸಿದ್ದರೆ ಅದರ ವೈರನ್ನು ಮ್ಯಾನಿಫೋಲ್ಡಿನಿಂದ ದೂರ ಒಯ್ದು, ಕನೆಕ್ಟರಿನ ಬಾಯಿ ಕೆಳಮುಖವಾಗಿ ಕಟ್ಟಿ. ಹುಲಿಕಲ್ ಮಳೆಯಲ್ಲಿ ಮೇಲ್ಮುಖದ ಕನೆಕ್ಟರಿಗೆ ನೀರು ಇಳಿದು, ಮೀಟರ್ ಸೊನ್ನೆ ತೋರಿಸತೊಡಗುತ್ತದೆ.